ಹಗುರ ಕನೂ ಆರಿಸೋದು ಹೆಂಗ, ಅದರ ಒಡಲು ತಯಾರಾಗೋದು ಹೆಂಗ: ನಮ್ಮ ಹುಬ್ಬಳ್ಳಿ-ಧಾರವಾಡ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಹಗುರ ಕನೂ ಬೇಕು ಅಂತ ಹುಡಕೋರು ಬಾಯಿ ತಗದ ಕೂಡ್ಲೆ ಕೇಳೋದು ಒಂದ, "ಕೆವ್ಲಾರ್ ಐತೇನ್ರಿ, ಕಾರ್ಬನ್ ಐತೇನ್ರಿ?" ಇವೆರಡೂ ದೋಣಿ ಒಡಲು ಕಟ್ಟೋಕ ಬಳಸೋ ಹಗುರ, ಗಟ್ಟಿ ನೂಲಿನ ಬಟ್ಟಿ. ಕೇಳೋದು ತಪ್ಪೇನಲ್ಲ, ಆದ್ರ ಅದು ಮೂರನೇದೋ ನಾಕನೇದೋ ಪ್ರಶ್ನಿ ಆಗಬೇಕು. ದೋಣಿ ತೂಕ ಬಟ್ಟಿ ಹೆಸರಿನಾಗ ಇರಂಗಿಲ್ಲ. ಆ ಬಟ್ಟಿ ಎಷ್ಟು ರೆಸಿನ್ (ಬಟ್ಟಿನ ಗಟ್ಟಿ ಮಾಡೋ ಅಂಟು ದ್ರವ) ಕುಡದೈತಿ, ಹೊರಗ ಜೆಲ್‌ಕೋಟ್ (ಹೊಳಪಿನ ಹೊರಪದರು) ಎಷ್ಟು ಬಳದಾರ, ಅಂಚಿಗೆ ಏನು ಪಟ್ಟಿ ಹಾಕ್ಯಾರ, ಅಲ್ಲೇ ಇರೋದು ತೂಕ. ಇದು ತಿಳೀಬೇಕಂದ್ರ ಒಡಲು ಹೆಂಗ ತಯಾರಾಗತೈತಿ ಅನ್ನೋದು ಸ್ವಲ್ಪ ಗೊತ್ತಿರಬೇಕು, ಅದಕ್ಕ ಆರಿಸೋದು ಮತ್ತ ತಯಾರಿ ಎರಡೂ ಕೂಡಿಸೇ ಬರೀತೀನಿ.

ಕನೂ ಅಂದ್ರ ಮ್ಯಾಲೆ ತೆರೆದಿರೋ, ಎರಡೂ ತುದಿ ಚೂಪಾಗಿರೋ ಉದ್ದನ ದೋಣಿ, ಒಂದ ಅಲಗಿನ ಹುಟ್ಟು ಹಾಕಿ ನಡಸೋದು. ಕಯಾಕ್ ಅಂದ್ರ ಮ್ಯಾಲೆ ಮುಚ್ಚಿರತೈತಿ, ಎರಡು ಅಲಗಿನ ಹುಟ್ಟು. ದಾಂಡೇಲಿ ಕಡೆ ಟೂರಿಸ್ಟರಿಗೆ ಕೊಡೋ ಕೆಂಪು-ಹಳದಿ ಪ್ಲಾಸ್ಟಿಕ್ ದೋಣಿ ಹೆಚ್ಚಾಗಿ ಕಯಾಕೇ. ನಮ್ಮ ತುಂಗಭದ್ರಾ ದಂಡಿ ಹರಗೋಲು ಈ ಎರಡೂ ಅಲ್ಲ, ಅದರ ಲೆಕ್ಕಾನ ಬ್ಯಾರೆ.

ಹಂತ 1: ನೀರು ಯಾವುದು, ಹೊರೋರು ಯಾರು

ಕ್ಯಾಟಲಾಗ್ ತಗಿಯೋಕಿಂತ ಮೊದಲ ಇದನ್ನ ಬರಕೋರಿ. ನಮ್ಮ ಕಡೆ ನೀರು ನಾಕು ನಮೂನಿ ಸಿಗತೈತಿ. ಒಂದು, ಉಣಕಲ್ ಕೆರಿ, ಕೆಲಗೇರಿ ಕೆರಿಯಂಥ ಊರ ಕೆರಿಗಳು, ಸಣ್ಣವು, ನೀರು ನಿಂತಿರತೈತಿ, ಅಂತರಗಂಗೆ ಕಳೆ ಬಂತಂದ್ರ ಹುಟ್ಟು ಹಾಕೋದ ಕಷ್ಟ. ಎರಡು, ಸವದತ್ತಿ ಹಂತ್ಯಾಕ ನವಿಲುತೀರ್ಥದ ಮಲಪ್ರಭಾ ಹಿನ್ನೀರು, ಮುಂಡರಗಿ ಕಡೆ ಹಮ್ಮಿಗಿ ಬ್ಯಾರೇಜಿನ ಹಿನ್ನೀರು, ಇವು ದೊಡ್ಡವು, ಗಾಳಿ ಎದ್ದರ ತೆರಿ ಏಳತಾವು. ಮೂರು, ಹಾವೇರಿ ಜಿಲ್ಲಾದಾಗ ತುಂಗಭದ್ರಾ, ವರದಾ, ಗಳಗನಾಥದ ಹತ್ರ ಎರಡೂ ಕೂಡತಾವಲ್ಲ ಅಂಥ ಜಾಗಾ. ನಾಕನೇದು ಕಾಳಿ ನದಿ, ಗಣೇಶಗುಡಿ-ದಾಂಡೇಲಿ ಕಡೆ, ಕಲ್ಲು ಐತಿ, ಓಟ ಐತಿ, ಅಲ್ಲಿ ಹಗುರ ಕಾಂಪೋಸಿಟ್ (ಬಟ್ಟಿ, ರೆಸಿನ್ ಕೂಡಿಸಿ ಮಾಡಿದ) ದೋಣಿ ಒಯ್ಯೋದಾದ್ರ ನಿಂತ ನೀರಿನ ಭಾಗಕ್ಕಷ್ಟೇ ಒಯ್ಯಿರಿ, ರಾಫ್ಟಿಂಗ್ ಮಾಡೋ ಜಾಗಾಕ್ಕ ಬ್ಯಾಡ್ರಿ.

ಹೋಗಬಾರದ ನೀರೂ ಅದಾವು. ನೀರಸಾಗರ ಕುಡಿಯೋ ನೀರಿಂದು. ಗದಗ ಜಿಲ್ಲಾದ ಮಾಗಡಿ ಕೆರಿಗೆ ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಬರತಾವು, 2024ರಾಗ ಅದಕ್ಕ ರಾಮ್ಸಾರ್ ಅನ್ನೋ ಅಂತಾರಾಷ್ಟ್ರೀಯ ಜೌಗು ಪ್ರದೇಶಗಳ ಪಟ್ಟಿಯೊಳಗ ಜಾಗಾ ಸಿಕ್ಕೈತಿ, ಅಲ್ಲಿ ದೋಣಿ ಇಳಸೋ ವಿಚಾರ ತಲ್ಯಾಗಿಂದ ತಗದು ಹಾಕ್ರಿ. ಉಳಿದ ಕಡೆನೂ ಕೆರಿ ಯಾರ ಸುಪರ್ದಿನಾಗ ಐತಿ ಅಂತ ಕೇಳಿ ಪರವಾನಗಿ ತಗೊಂಡೇ ಇಳೀರಿ. ಕಾಳಿ, ತುಂಗಭದ್ರಾ ಎರಡರಾಗೂ ಮೊಸಳಿ ಅದಾವು, ಸ್ಥಳೀಕ ಮೀನುಗಾರರನ್ನ ಕೇಳದ ಯಾವ ಮಡುವಿಗೂ ಹೋಗಬ್ಯಾಡ್ರಿ.

ಈಗ ಹೊರೋರ ವಿಷಯ. ನಮ್ಮಲ್ಲಿ ಜೆಟ್ಟಿ, ರ‍್ಯಾಂಪು ಇರೋ ಜಾಗಾ ಕಮ್ಮಿ, ಗಾಡಿ ನಿಲ್ಲಿಸಿ ಹೊಲದ ಬದುವಿನ ಮ್ಯಾಲೆ ಹೊತ್ತಕೊಂಡು ಹೋಗೋದ ಇರತೈತಿ. ಬ್ಯಾಸಿಗ್ಯಾಗ ತುಂಗಭದ್ರಾ ಬತ್ತಿ ಮಡುವು ಮಡುವು ಆಗಿರತೈತಿ, ಒಂದು ಮಡುವಿಂದ ಇನ್ನೊಂದಕ್ಕ ಉಸುಕಿನಾಗ ಹೊತ್ತಕೊಂಡ ನಡೀಬೇಕು. ಕೆ.ಜಿ ಲೆಕ್ಕ ಇಲ್ಲಿ ಬರತೈತಿ. 30 ಕೆ.ಜಿ ದಾಟಿದ ದೋಣಿನ ಇಬ್ಬರು ಹೊರಬೇಕು, 20ರ ಒಳಗಿಂದು ಒಬ್ಬ ಸಾಮಾನ್ಯ ಮನಷ್ಯಾ ತಲಿ ಮ್ಯಾಲೆ ಬೋರಲು ಹಾಕ್ಕೊಂಡು, ನಡುವಿನ ನೊಗಾನ ಹೆಗಲಿಗೆ ಕೊಟ್ಟು ಹೊರತಾನ. ನೀವು ಯಾವಾಗ್ಲೂ ಜೋಡಿನಾಗ ಹೋಗೋರು, ಗಾಡಿಯಿಂದ ನೀರಿಗೆ ಹತ್ತ ಹೆಜ್ಜಿ ಅಂತಿದ್ರ ಹಗುರಕ್ಕ ಅಂತ ರೊಕ್ಕಾ ಸುರಿಯೋ ಅಗತ್ಯ ಇಲ್ಲ, ಸಾದಾ ಫೈಬರ್‌ಗ್ಲಾಸ್ ದೋಣಿ ಸಾಕು.

ಒಬ್ಬರ ಹೋಗೋರಿಗೆ ಇನ್ನೊಂದು ದಾರಿ ಐತಿ, ಪ್ಯಾಕ್ ಕನೂ. 10-12 ಅಡಿ, ಕಯಾಕಿನ ಹಂಗ ತಳದಾಗ ಕೂತು ಎರಡು ಅಲಗಿನ ಹುಟ್ಟು ಹಾಕೋದು. ಇದು ಹೊಸದೇನಲ್ಲ, 1883ರಾಗ ಅಮೆರಿಕಾದ ನ್ಯೂಯಾರ್ಕ್ ರಾಜ್ಯದಾಗ ರಷ್ಟನ್ ಅನ್ನೋ ದೋಣಿ ಕಟ್ಟೋರು ಸೀಡರ್ ಕಟಗೀಲೆ 9 ಅಡಿ ಕನೂ ಮಾಡಿದ್ರು, ತೂಕ 5 ಕೆ.ಜಿನೂ ಇರಲಿಲ್ಲ. ಕೆವ್ಲಾರ್ ಹುಟ್ಟೋಕ ಎಂಬತ್ತು ವರ್ಷ ಮೊದಲ! ಹಗುರ ಅನ್ನೋದು ಬರೇ ಮಟೀರಿಯಲ್ ಆಟ ಅಲ್ಲ ಅನ್ನೋದಕ್ಕ ಇದಕ್ಕಿಂತ ಸಾಕ್ಷಿ ಬೇಕಿಲ್ಲ, ಆಕಾರ ಸಣ್ಣದು ಮಾಡು, ಬೇಕಿಲ್ಲದ್ದು ತಗದ ಹಾಕು, ಅರ್ಧಾ ಕೆಲಸ ಅಲ್ಲೇ ಮುಗೀತು.

ಹಂತ 2: ಆಕಾರ

ಉದ್ದ ಜಾಸ್ತಿ ಇದ್ದಷ್ಟು ದೋಣಿ ಸೀದಾ ಹೋಗತೈತಿ, ವೇಗ ಹೆಚ್ಚು. ನೀರಿನ ಮಟ್ಟದಾಗ 14 ಅಡಿ ಇರೋ ಒಡಲಿನ ವೇಗದ ಮಿತಿ ಗಂಟೆಗೆ ಸುಮಾರು 9 ಕಿ.ಮೀ, 17 ಅಡಿದು ಸುಮಾರು 10. ನಾವು ನೀವು ಆರಾಮಾಗಿ ಹುಟ್ಟು ಹಾಕೋದು 4-5ರಾಗ, ಹಿಂಗಾಗಿ ವೇಗಕ್ಕಂತ ಉದ್ದ ದೋಣಿ ತಗೋಳೋದು ನನಗಂತೂ ದಂಡ ಅನಸತೈತಿ. ಸಾಮಾನು ಮತ್ತ ಇಬ್ಬರು ಕೂಡೋದಾದ್ರ 16-17 ಅಡಿ, ಒಬ್ಬರಿಗೆ 12-14 ಅಡಿ ನೋಡ್ರಿ.

ತಳದ ಅಡ್ಡ ಆಕಾರ ನೋಡೋದು ಮುಖ್ಯ. ಚಪ್ಪಟೆ ತಳ ಇದ್ರ ಕೂತ ಕೂಡ್ಲೆ ಗಟ್ಟಿ ಅನಸತೈತಿ, ಆದ್ರ ತೆರಿ ಬಂದು ಒಂದು ಮಟ್ಟ ದಾಟಿ ವಾಲಿತಂದ್ರ ದಿಢೀರ್ ಮಗಚತೈತಿ. ಸಣ್ಣಗ ಕಮಾನಿನ ಹಂಗ ಬಾಗಿರೋ ತಳ ಮೊದಲ ಐದು ನಿಮಿಷ ಅಲ್ಲಾಡಿ ಹೆದರಸತೈತಿ, ವಾಲಿದ ಮ್ಯಾಲೆ ಹಿಡಕೊಂಡ ನಿಲ್ಲತೈತಿ. ಅಂಗಡ್ಯಾಗ ಕೂತು ನೋಡಿದವರು ಚಪ್ಪಟೆ ತಳ ತಗೋತಾರ, ವರ್ಷ ಕಳೆದವರು ಕಮಾನಿಂದು ಹುಡಕತಾರ. ಮೀನು ಹಿಡಿಯೋದು, ಫೋಟೋ ತಗಿಯೋದು ಅಷ್ಟೇ ಇದ್ರ ಚಪ್ಪಟೆನೂ ನಡೀತೈತಿ.

ಎರಡೂ ತುದಿ ತಳದಿಂದ ಮ್ಯಾಲೆ ಎದ್ದಿರೋದಕ್ಕ ರಾಕರ್ ಅಂತಾರ. ರಾಕರ್ ಜಾಸ್ತಿ ಇದ್ರ ಲಗೂನ ತಿರಗತೈತಿ, ಕಮ್ಮಿ ಇದ್ರ ಗೆರಿ ಎಳದಂಗ ಹೋಗತೈತಿ. ಕೆರಿ, ಹಿನ್ನೀರಿಗೆ ಕಮ್ಮಿ ರಾಕರ್ ಇರಲಿ. ಮೂತಿ ಭಾಳ ಎತ್ತರ ಇರೋದು ಫೋಟೋದಾಗ ಚಂದ, ಆದ್ರ ಜೂನ್-ಜುಲೈದಾಗ ನಮ್ಮ ಕಡೆ ಪಡುವಣ ಗಾಳಿ ಹೆಂಗ ಬೀಸತೈತಿ ಗೊತ್ತಲ್ಲ, 15 ಕೆ.ಜಿ ದೋಣಿ ಅದು, ಎತ್ತರ ಮೂತಿ ಹಿಡಕೊಂಡು ಗಾಳಿ ತಿರಗಿಸಿ ಒಗೀತೈತಿ. ತಗ್ಗು ಮೂತಿದೇ ತಗೋರಿ.

ಒಂದು ಎಚ್ಚರಿಕಿ, ಸೆಕೆಂಡ್‌ಹ್ಯಾಂಡಿನಾಗ ರೇಸಿಂಗ್ ಕನೂ ಕಡಿಮಿ ರೇಟಿಗೆ ಬಂದ್ರ ಹಿಗ್ಗಬ್ಯಾಡ್ರಿ. ಸ್ಪ್ರಿಂಟ್ ರೇಸಿನ ಸಿ-1 (ಒಬ್ಬರ) ದೋಣಿಗೆ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಉದ್ದ 5.20 ಮೀಟರ್ ಒಳಗ, ತೂಕ ಕನಿಷ್ಠ 14 ಕೆ.ಜಿ ಇರಬೇಕು. ಕೇಳಾಕ ಛಲೋ ಅನಸತೈತಿ, ಆದ್ರ ಅದರಾಗ ಒಂದು ಮೊಣಕಾಲ ಊರಿ ಹುಟ್ಟು ಹಾಕಬೇಕು, ಹೊಸಬರು ಕಾಲಿಟ್ಟ ಕೂಡ್ಲೆ ನೀರಾಗ.

ಹಂತ 3: ತೂಕದ ಲೆಕ್ಕ ನೀವ ಹಾಕ್ರಿ

ಇದನ್ನ ಪೆನ್ನು ಹಿಡಕೊಂಡು ಓದ್ರಿ. 16 ಅಡಿ ಆಸುಪಾಸಿನ ಕನೂ ಒಡಲಿನ ಮೈ ಸುಮಾರು 5 ಚದರ ಮೀಟರ್ ಅಂತ ಹಿಡೀರಿ.

ಮೊದಲ ನಮ್ಮೂರ ಫೈಬರ್ ಶಾಪಿನ ಪದ್ಧತಿ. 450 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಮ್ಯಾಟ್, ಅಂದ್ರ ಗ್ಲಾಸ್ ನೂಲಿನ ಹಾಸು, ಮೂರು ಪದರು, ಅಂದ್ರ ಚದರ ಮೀಟರಿಗೆ 1350 ಗ್ರಾಂ ಗ್ಲಾಸು. ಮ್ಯಾಟನ್ನ ಬ್ರಷ್ಶಿಲೆ ಕೈಯಾಗ ಹಾಕಿದ್ರ ಒಟ್ಟು ತೂಕದಾಗ ಗ್ಲಾಸು 30 ಪರ್ಸೆಂಟು ಇದ್ರ ಛಲೋ, ಉಳಿದ 70 ರೆಸಿನ್. ಹಂಗಾದ್ರ ಚದರ ಮೀಟರಿಗೆ 4.5 ಕೆ.ಜಿ, ಐದಕ್ಕ 22.5 ಕೆ.ಜಿ. ಮ್ಯಾಲೆ ಅರ್ಧ ಮಿ.ಮೀ ಜೆಲ್‌ಕೋಟು, ಅದೇ 3 ಕೆ.ಜಿ. ಅಂಚುಪಟ್ಟಿ, ಸೀಟು, ನೊಗ ಎಲ್ಲಾ ಕೂಡಿ 5. ಒಟ್ಟು 30 ದಾಟಿತು.

ಈಗ ಕೆವ್ಲಾರ್. 170 ಜಿಎಸ್‌ಎಂ ಬಟ್ಟಿ ಮೂರು ಪದರು, ಹೊರಗ 200 ಜಿಎಸ್‌ಎಂ ಗ್ಲಾಸು ಒಂದು, ಒಟ್ಟು 710 ಗ್ರಾಂ. ವ್ಯಾಕ್ಯೂಮ್ ಹಾಕಿ (ಪಂಪಿಲೆ ಗಾಳಿ ಎಳದು) ಎಪಾಕ್ಸಿ ಅನ್ನೋ ರೆಸಿನ್ನಿಲೆ ಮಾಡಿ ಬಟ್ಟಿ ಪಾಲು 55 ಪರ್ಸೆಂಟ್ ಬಂತಂದ್ರ ಚದರ ಮೀಟರಿಗೆ 1.3 ಕೆ.ಜಿ, ಐದಕ್ಕ ಆರೂವರಿ ಕೆ.ಜಿ. ತಳದ ಫೋಮು ಮತ್ತ ಅಲ್ಲಲ್ಲಿ ಹೆಚ್ಚಿನ ಪಟ್ಟಿಗೆ 2 ಕೆ.ಜಿ, ಸೀಟು ಅಂಚು 5. ಜೆಲ್‌ಕೋಟ್ ಇಲ್ಲ. ಹದಿಮೂರುವರಿ!

ಇನ್ನ ಅದೇ ಕೆವ್ಲಾರ್, ಅಷ್ಟೇ ಪದರು, ಆದ್ರ ಕೈಯಾಗ ಬೇಕಾಬಿಟ್ಟಿ ರೆಸಿನ್ ಸುರಿದು ಬಟ್ಟಿ ಪಾಲು 35ಕ್ಕ ಇಳೀತು ಅನ್ನರಿ. ಒಡಲೇ 10 ಕೆ.ಜಿ ಆತು, ಚಂದ ಕಾಣಲಿ ಅಂತ ಜೆಲ್‌ಕೋಟ್ ಹೊಡದ್ರ ಇನ್ನೊಂದು 3, ಫೋಮು ಸೀಟು ಕೂಡಿಸಿದ್ರ 20. ಎರಡಕ್ಕೂ ಬೋರ್ಡಿನಾಗ ಬರಿಯೋದು "ಕೆವ್ಲಾರ್ ಕನೂ" ಅಂತನ. ಎಣ್ಣಿ ಕುಡದ ಮಿರ್ಚಿ ಭಜಿ ತೂಕ ಬರತೈತಿ, ರುಚಿ ಬರಂಗಿಲ್ಲ, ಹಂಗ ಹೆಚ್ಚಾದ ರೆಸಿನ್‌ದಿಂದ ದೋಣಿಗೆ ತೂಕ ಬರತೈತಿ, ಗಟ್ಟಿತನ ಬರಂಗಿಲ್ಲ, ಉಲ್ಟಾ ಪೆಡಸಾಗತೈತಿ.

ಹಿಂಗಾಗಿ ಮಾರೋರಿಗೆ ಕೇಳಬೇಕಾದ ಪ್ರಶ್ನಿ: ಜೆಲ್‌ಕೋಟ್ ಐತೋ ಇಲ್ಲೋ, ವ್ಯಾಕ್ಯೂಮ್ ಹಾಕ್ಯಾರೋ ಕೈಯಾಗ ಮಾಡ್ಯಾರೋ, ರೆಸಿನ್ ಯಾವುದು, ಅಂಚಿಗೆ ಕಟಗಿನೋ ಅಲ್ಯೂಮಿನಿಯಮ್ಮೋ ಕಾರ್ಬನ್ನೋ. ಉತ್ತರಾ ತಡವರಿಸಿದ್ರ ಬರೇ ಸ್ಟಿಕರ್ ನೋಡಿ ರೊಕ್ಕಾ ಕೊಡಬ್ಯಾಡ್ರಿ.

ಹಂತ 4: ಬಟ್ಟಿ ಯಾವುದು

ಗ್ಲಾಸು ಅಗ್ಗ, ಒತ್ತಡ ತಡೀತೈತಿ, ಕಲ್ಲಿಗೆ ತಿಕ್ಕಿದ್ರೂ ತಾಳತೈತಿ, ಸ್ಯಾಂಡ್‌ಪೇಪರ್ ಹಚ್ಚಿ ರಿಪೇರಿ ಮಾಡೋದು ಸಲೀಸು, ಆದ್ರ ವಜ್ಜಿ. ಅದರ ಸಾಂದ್ರತಾ 2.5ರ ಮ್ಯಾಲೆ, ಕೆವ್ಲಾರಿಂದು 1.44, ಕಾರ್ಬನ್ ಇವೆರಡರ ನಡುವ 1.8ರ ಹತ್ರ.

ಕೆವ್ಲಾರನ್ನ 1965ರಾಗ ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದ್ರು. ಎಳೆದ್ರ ಹರಿಯಂಗಿಲ್ಲ, ಬಡದ್ರ ಪೂರ್ತಿ ಸೀಳಂಗಿಲ್ಲ, ಕಲ್ಲಿಗೆ ಬಡಿದು ರೆಸಿನ್ ಬಿರುಕು ಬಿಟ್ರೂ ಬಟ್ಟಿ ಹಿಡಕೊಂಡಿರತೈತಿ, ದಂಡಿ ಮುಟ್ಟಬಹುದು. ಆದ್ರ ಅದುಮಿದ್ರ ತಾಳಂಗಿಲ್ಲ, ಬಿಸಿಲಿನ ಅತಿನೇರಳೆ ಕಿರಣಕ್ಕ ಬಣ್ಣಗೆಟ್ಟು ಸೊರಗತೈತಿ, ಸಾದಾ ಕತ್ರಿಲೆ ಕತ್ತರಸಾಕ ಬರಂಗಿಲ್ಲ, ಸ್ಯಾಂಡ್‌ಪೇಪರ್ ತಾಗಿದ್ರ ನಯ ಆಗೋದ ಬಿಟ್ಟು ನೂಲೆದ್ದು ಗುಂಗುರು ಗುಂಗುರು ಆಗತೈತಿ. ಅದಕ್ಕ ತಿಳಿದವರು ಹೊರಗಿನ ಪದರು ಗ್ಲಾಸು, ಒಳಗ ಕೆವ್ಲಾರ್ ಹಾಕತಾರ. ತಿಕ್ಕೋದು ಗ್ಲಾಸಿಗೆ, ಎಳೆತ ಕೆವ್ಲಾರಿಗೆ.

ಕಾರ್ಬನ್ನು ಬಿಗಿ ಅಂದ್ರ ಬಿಗಿ, ಹುಟ್ಟಿನ ಒಂದೊಂದು ಎಳೆತಾನೂ ಮುಂದಕ್ಕ ಒಯ್ಯತೈತಿ, ಆದ್ರ ಕಲ್ಲಿನ ಏಟಿಗೆ ಕೆವ್ಲಾರಿನಷ್ಟು ತಾಳಂಗಿಲ್ಲ, ಬಾಗದ ಸೀದಾ ಮುರೀತೈತಿ. ನಮ್ಮ ನದಿ ಎಲ್ಲಾ ಕಲ್ಲಿನವು, ನನ್ನ ಕೇಳಿದ್ರ ಪೂರ್ತಿ ಕಾರ್ಬನ್ ದೋಣಿ ಇಲ್ಲಿ ಬ್ಯಾಡ, ಗ್ಲಾಸು-ಕೆವ್ಲಾರ್, ಇಲ್ಲಾ ಕಾರ್ಬನ್-ಕೆವ್ಲಾರ್ ಕೂಡಿಸಿ ನೇಯ್ದ ಬಟ್ಟಿ ಛಲೋ. ಹಳೇ ಲೇಖನದಾಗ ರಾಯಲೆಕ್ಸ್ ಅಂತ ಓದೀರಿ ಏನೋ, ಅದು ಕಾಂಪೋಸಿಟ್ ಬಟ್ಟಿ ಅಲ್ಲ, ಪ್ಲಾಸ್ಟಿಕ್ ಶೀಟು, 2014ಕ್ಕ ತಯಾರಿ ನಿಂತ ಹೋಗೈತಿ.

ಹಂತ 5: ಒಡಲು ತಯಾರಾಗೋ ಪರಿ

ಮೊದಲ ಪ್ಲಗ್. ದೋಣಿ ಹೊರಮೈ ಹೆಂಗಿರಬೇಕೋ ಅದೇ ಆಕಾರದಾಗ ಕಟಗಿ, ಫೋಮು, ಪುಟ್ಟಿ ಹಾಕಿ ಒಂದು ನಮೂನಾ ಮಾಡತಾರ, ಕನ್ನಡಿ ಹೊಳಪು ಬರೋತನಕ ತಿಕ್ಕತಾರ. ಇಲ್ಲಿ ಉಳಿದ ಒಂದು ತಗ್ಗು ಮುಂದ ಬರೋ ಪ್ರತಿ ದೋಣ್ಯಾಗೂ ಕಾಣತೈತಿ. ಅದರ ಮ್ಯಾಲೆ ದಪ್ಪ ಫೈಬರ್ ಹಾಕಿ ತಗದ್ರ ಹೆಣ್ಣು ಮೋಲ್ಡ್ (ಒಳಗ ಟೊಳ್ಳಿರೋ ಅಚ್ಚು) ತಯಾರ. ದೋಣಿ ಎಲ್ಲಾ ಈ ಮೋಲ್ಡಿನ ಒಳಗಡೆ ಹುಟ್ಟೋದು, ಹೊರಗಿನ ಪದರು ಮೊದಲು, ಒಳಗಿಂದು ಆಮೇಲೆ.

ಮೋಲ್ಡಿಗೆ ವ್ಯಾಕ್ಸ್ ನಾಕೈದು ಸಲ ಹಚ್ಚಿ ಒರಸತಾರ, ಬೇಕಂದ್ರ ಮ್ಯಾಲೆ ಪಿವಿಎ (ಅಂಟದಂಗ ತಡಿಯೋ ದ್ರವ) ಹೊಡೀತಾರ. ಇದು ಸರಿಯಾಗಲಿಲ್ಲಂದ್ರ ದೋಣಿ ಮೋಲ್ಡಿಗೇ ಅಂಟಿ ಎರಡೂ ಹಾಳ. ಆಮೇಲೆ ಜೆಲ್‌ಕೋಟ್ ಬೇಕಾದವರಿಗೆ ಜೆಲ್‌ಕೋಟು, ಹಗುರ ಬೇಕಾದವರಿಗೆ ಬರೇ ತೆಳು ರೆಸಿನ್ ಪದರು. ಎರಡನೇದಕ್ಕ ಬಟ್ಟಿ ನೇಯ್ಗಿ ಹೊರಗ ಕಾಣತೈತಿ, ಗೀರು ಬೇಗ ಬೀಳತಾವು, ಅದು ದೋಷ ಅಲ್ಲ.

ಇನ್ನ ಬಟ್ಟಿ. ಸೀಟಿನ ಕೆಳಗ, ಮೂತಿ ತುದಿಗೆ, ಅಂಚಿಗೆ ಹೆಚ್ಚಿನ ಪಟ್ಟಿ, ಪಕ್ಕಕ್ಕ ಕಮ್ಮಿ. ಎಲ್ಲಾ ಕಡೆ ಸರಿಸಮಾ ದಪ್ಪ ಇರೋ ದೋಣಿ ಅಂದ್ರ ಮಾಡಿದವರು ತಲಿ ಓಡಿಸಿಲ್ಲ ಅಂತ ತಿಳೀರಿ. ನಮ್ಮ ಶಾಪಿನ ಮಿಸ್ತ್ರಿಗಳ ಬಾಯಾಗ ಒಂದ ಮಾತು, "ಸಾಹೇಬ್ರ, ಇನ್ನೊಂದು ಮ್ಯಾಟ್ ಹಾಕಿಬಿಡೂಣು, ಗಟ್ಟಿ ಆಗತೈತಿ." ನೀರಿನ ಟಾಕಿಗೆ ಆ ಮಾತು ಖರೇ. ಕನೂಗೆ ಬಿಗುವು ಬೇಕು, ಆ ಬಿಗುವು ಪದರಿಂದ ಅಲ್ಲ, ದಪ್ಪದಿಂದ ಬರತೈತಿ. ದಪ್ಪ ಎರಡು ಪಟ್ಟಾದ್ರ ಬಾಗೋದಕ್ಕ ತೋರಸೋ ಬಿಗುವು ಎಂಟು ಪಟ್ಟು. ಅದಕ್ಕ ತಳದ ನಡುಭಾಗದಾಗ ಎರಡು ಪದರಿನ ನಡುವ 5 ಮಿ.ಮೀ ಪಿವಿಸಿ ಫೋಮ್ ಶೀಟು ಇಡತಾರ, ಅರ್ಧ ಕೆ.ಜಿ ಹೆಚ್ಚಿಗಿ ಅಷ್ಟೇ, ಆದ್ರ ತಳ ಹಲಗಿಯಷ್ಟು ಬಿಗಿ ಆಗತೈತಿ. ಕೆಲವರು ಪೂರ್ತಿ ಶೀಟಿನ ಬದಲಿ ಪಕ್ಕಕ್ಕ ಫೋಮಿನ ಪಕ್ಕೆಲುಬು ಕೊಡತಾರ. ಫೋಮಿನ ಅಂಚು ಇಳಿಜಾರಾಗಿ ಕೆತ್ತಿರಬೇಕು, ಚೌಕಾಗಿ ಬಿಟ್ರ ಅಲ್ಲೇ ಬಿರುಕು ಏಳತೈತಿ.

ರೆಸಿನ್ ಮೂರು ಜಾತಿ. ಪಾಲಿಯೆಸ್ಟರ್, ನಮ್ಮ ಕಡೆ ಜಿಪಿ, ಐಸೋ ಅಂತ ಡಬ್ಬಿನಾಗ ಸಿಗೋದು, ಅಗ್ಗ, ಘಮ್ ಅಂತ ವಾಸನಿ, ಕೆವ್ಲಾರಿಗೆ ಸರಿಯಾಗಿ ಹಿಡಿಯಂಗಿಲ್ಲ. ವಿನೈಲ್‌ಎಸ್ಟರ್ ನಡುವಿಂದು. ಎಪಾಕ್ಸಿ ತುಟ್ಟಿ, ಆದ್ರ ಹಿಡಿತ ಗಟ್ಟಿ. ಪಾಲಿಯೆಸ್ಟರಿಗೆ ಕೋಬಾಲ್ಟು, ಹಾರ್ಡನರ್ ಅಂತ ಎರಡು ಬಾಟ್ಲಿ ಬರತಾವಲ್ಲ, ಆ ಎರಡನ್ನ ಯಾವ ಕಾರಣಕ್ಕೂ ಸೀದಾ ಒಂದಕ್ಕೊಂದು ಕೂಡಸಬಾರದು, ಸಿಡೀತೈತಿ, ಬೆಂಕಿ ಹತ್ತತೈತಿ. ಮೊದಲ ಕೋಬಾಲ್ಟ್ ರೆಸಿನ್ನಾಗ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಎಪಾಕ್ಸಿಗೆ ಅಂದಾಜು ನಡಿಯಂಗಿಲ್ಲ, ಡಬ್ಬಿ ಮ್ಯಾಲೆ ಬರದ ಪ್ರಮಾಣಾ ತೂಕದ ಯಂತ್ರದಾಗ ಇಟ್ಟೇ ಕಲಸಬೇಕು. ಹಾರ್ಡನರ್ ಜಾಸ್ತಿ ಹಾಕಿದ್ರ ಲಗೂ ಗಟ್ಟಿ ಆಗತೈತಿ ಅನ್ನೋದು ಪಾಲಿಯೆಸ್ಟರಿನ ಬುದ್ಧಿ, ಎಪಾಕ್ಸಿಗೆ ಹಂಗ ಮಾಡಿದ್ರ ಎಂದೂ ಗಟ್ಟಿಯಾಗದ ಮೆತ್ತಗ ಉಳೀತೈತಿ. ಏಪ್ರಿಲ್-ಮೇ ಬಿಸಿಲಿಗೆ ಕಲಸಿದ ರೆಸಿನ್ ಕಪ್ಪಿನಾಗೇ ಹೊಗಿ ಬಿಡತೈತಿ, ಯಾಕಂದ್ರ 10 ಡಿಗ್ರಿ ಏರಿದ್ರ ಕೆಲಸಕ್ಕ ಸಿಗೋ ಟೈಮು ಸುಮಾರು ಅರ್ಧ ಆಗತೈತಿ. ಮಳಿಗಾಲದಾಗ ಎಪಾಕ್ಸಿ ಮ್ಯಾಲೆ ಮೇಣದಂಥ ಜಿಡ್ಡು ಏಳತೈತಿ, ನೀರು ಹಾಕಿ ತೊಳದು ಒಣಗಿಸದ ಮುಂದಿನ ಪದರು ಹಚ್ಚಬಾರದು. ನವೆಂಬರಿಂದ ಫೆಬ್ರವರಿ ಮಟಾ ನಮ್ಮ ಹವಾಮಾನ ಈ ಕೆಲಸಕ್ಕ ಬರೋಬರಿ.

ಈಗ ವ್ಯಾಕ್ಯೂಮು, ಇಲ್ಲೇ ತೂಕದ ತೀರ್ಮಾನ ಆಗೋದು. ಎರಡು ದಾರಿ. ಒಂದು, ಬ್ರಷ್ಶು ರೋಲರ್‌ಲೆ ರೆಸಿನ್ ಹಚ್ಚಿ, ಮ್ಯಾಲೆ ಪೀಲ್ ಪ್ಲೈ (ಆಮೇಲೆ ಕಿತ್ತು ತಗಿಯೋ ಬಟ್ಟಿ), ತೂತಿನ ಫಿಲ್ಮು, ರೆಸಿನ್ ಹೀರೋ ಬಟ್ಟಿ, ಕಡೀಕ ಪ್ಲಾಸ್ಟಿಕ್ ಹಾಳಿ ಹಾಕಿ ಅಂಚಿಗೆಲ್ಲಾ ಅಂಟಿನ ಟೇಪು ಹಚ್ಚಿ ಪಂಪಿಲೆ ಗಾಳಿ ಎಳಿಯೋದು. ಹೆಚ್ಚಾದ ರೆಸಿನ್ ಹೀರೋ ಬಟ್ಟಿಗೆ ಹೋಗತೈತಿ. ಎರಡನೇದು ಇನ್ಫ್ಯೂಷನ್, ಬಟ್ಟಿ ಎಲ್ಲಾ ಒಣದ ಹಾಸಿ, ಹಾಳಿ ಮುಚ್ಚಿ, ಗಾಳಿ ತಗದು, ಆಮೇಲೆ ಪೈಪಿನಿಂದ ನೀರಿನಂಥ ತೆಳು ರೆಸಿನ್ ಒಳಗ ಬಿಡೋದು. ರೆಸಿನ್ ಸಾಲು ಮುಂದ ಮುಂದ ಸರಿಯೋದು ಕಣ್ಣಿಗೆ ಕಾಣತೈತಿ, ಬೆಳ್ಳಗಿದ್ದ ಗ್ಲಾಸು ಪಾರದರ್ಶಕ ಆಗಕೋತ ಹೋಗತೈತಿ, ಹಳದಿ ಕೆವ್ಲಾರು ಜೇನಿನ ಬಣ್ಣಕ್ಕ ತಿರಗತೈತಿ. ಕಾರ್ಬನ್ ಮಾತ್ರ ಮೊದಲೂ ಕರೇ, ಆಮೇಲೂ ಕರೇ, ಒಣ ಜಾಗಾ ಉಳಿದ್ರ ಗೊತ್ತಾಗಂಗಿಲ್ಲ, ಅದಕ್ಕ ಕಾರ್ಬನ್ ಕೆಲಸ ನುರಿತವರ ಕೈಯಾಗ ಇರಬೇಕು.

ಇನ್ಫ್ಯೂಷನ್‌ಗೆ ಮೊದಲ ಪಂಪು ಬಂದ್ ಮಾಡಿ ಅರ್ಧ ತಾಸು ಬಿಟ್ಟು ಮೀಟರ್ ಮುಳ್ಳು ಇಳೀತದೋ ಇಲ್ಲೋ ನೋಡಬೇಕು. ಇಳೀತಂದ್ರ ಎಲ್ಲೋ ಗಾಳಿ ಒಳಗ ಬರಾಕತ್ತೈತಿ, ಹುಡುಕಿ ಮುಚ್ಚಬೇಕು. ಇನ್ನೊಂದು, ಪುಸ್ತಕದಾಗ ಪೂರ್ತಿ ವ್ಯಾಕ್ಯೂಮ್ ಅಂದ್ರ 760 ಮಿ.ಮೀ ಪಾದರಸ ಅಂತ ಇರತೈತಿ, ಅದು ಸಮುದ್ರ ಮಟ್ಟದ್ದು. ಹುಬ್ಬಳ್ಳಿ-ಧಾರವಾಡ ಸಮುದ್ರ ಮಟ್ಟದಿಂದ ಏಳ್ನೂರು ಮೀಟರ್ ಆಸುಪಾಸು ಮ್ಯಾಲೈತಿ, ಇಲ್ಲಿ ಗಾಳಿ ಒತ್ತಡಾನ 700ರ ಹತ್ರ. ಮೀಟರ್ 690 ತೋರಿಸಿದ್ರ ಪಂಪು ಕೆಟ್ಟಿಲ್ಲ, ನಮ್ಮೂರಾಗ ಅದೇ ಪೂರ್ತಿ. ಅಷ್ಟಿದ್ರೂ ಚದರ ಮೀಟರಿಗೆ ಒಂಬತ್ತು ಟನ್ನಿಗಿಂತ ಹೆಚ್ಚು ಭಾರ ಬಟ್ಟಿನ ಅದುಮತಿರತೈತಿ, ಯಾವ ಮಿಸ್ತ್ರಿ ರೋಲರೂ ಅಷ್ಟು ಒತ್ತಂಗಿಲ್ಲ.

ಗಟ್ಟಿಯಾದ ಮ್ಯಾಲೆ ಎಪಾಕ್ಸಿ ದೋಣಿನ ಮೋಲ್ಡಿನಾಗ ಇದ್ದಾಗಲೇ 50-60 ಡಿಗ್ರಿ ಶಾಖದಾಗ ಕೆಲವು ತಾಸು ಇಡಬೇಕು, ಪೋಸ್ಟ್ ಕ್ಯೂರ್ ಅಂತಾರ. ಇದನ್ನ ಬಿಟ್ಟ ದೋಣಿ ನಮ್ಮ ಮೇ ತಿಂಗಳ ಬಿಸಿಲಿಗೆ ಗಾಡಿ ಮ್ಯಾಲೆ ಕಟ್ಟಿದ್ರ ಮೆತ್ತಗಾಗಿ ಪಟ್ಟಿ ಬಿಗಿದ ಜಾಗಾದಾಗ ತಗ್ಗು ಬೀಳತೈತಿ. ಆಮೇಲೆ ಅಂಚು ಕತ್ತರಿಸೋದು, ಅಂಚುಪಟ್ಟಿ, ಸೀಟು, ನೊಗ ಕೂಡಸೋದು, ಎರಡೂ ತುದಿಗೆ ಗಾಳಿ ಡಬ್ಬಿ ಮುಚ್ಚೋದು. ಈ ಗಾಳಿ ಡಬ್ಬಿ ಅಲಂಕಾರಕ್ಕಲ್ಲ, ರೆಸಿನ್ನು ಬಟ್ಟಿ ಎರಡೂ ನೀರಿಗಿಂತ ವಜ್ಜಿ, ಡಬ್ಬಿ ಇಲ್ಲದ ದೋಣಿ ನೀರು ತುಂಬಿದ್ರ ತಳ ಸೇರತೈತಿ.

ಹಂತ 6: ತಗೋಳೋ ಮೊದಲ ಕೈಯಾಗ ಪರೀಕ್ಷೆ

ಹಾಡಹಗಲ ಹೋಗ್ರಿ, ಸಂಜಿಮುಂದ ಬ್ಯಾಡ. ದೋಣಿನ ಬೋರಲು ಹಾಕಿ ರೂಪಾಯಿ ನಾಣ್ಯಾ ತಗೊಂಡು ಒಂದೊಂದು ಗೇಣಿಗೆ ಬಡಕೋತ ಹೋಗ್ರಿ. ಟಣ್ ಟಣ್ ಅಂತ ಬರೋ ಸಪ್ಪಳ ಒಮ್ಮೆಲೆ ಡಬ್ ಅಂತು ಅಂದ್ರ ಅಲ್ಲಿ ಪದರು ಬಿಟ್ಟೈತಿ, ಚಾಕ್‌ಪೀಸಿಲೆ ಗುರುತು ಮಾಡ್ರಿ. ಫೋಮ್ ಇರೋ ನಡುಭಾಗದ ಸಪ್ಪಳಾನ ಬ್ಯಾರೆ, ಅದು ಎಲ್ಲಾ ಕಡೆ ಒಂದ ಥರಾ ಬಂದ್ರ ಹೆದರಬ್ಯಾಡ್ರಿ, ಬದಲಾಗೋದು ನೋಡ್ರಿ.

ಜೆಲ್‌ಕೋಟ್ ಇಲ್ಲದ ಗ್ಲಾಸ್-ಕೆವ್ಲಾರ್ ದೋಣಿ ಆದ್ರ ಇಬ್ಬರು ಎತ್ತಿ ಹಿಡೀರಿ, ಸೂರ್ಯ ಹೊರಗಿರಲಿ, ನೀವು ಒಳಗಿಂದ ನೋಡ್ರಿ. ಬೆಳಕು ಒಂದ ಹದಕ್ಕ ಬರಬೇಕು. ಬಿಳಿ ಕಲೆ ಇದ್ರ ಒಣ ಜಾಗಾ ಇಲ್ಲಾ ಏಟು ಬಿದ್ದ ಜಾಗಾ. ಕಪ್ಪಗ ದಪ್ಪಗ ಕಂಡಲ್ಲಿ ರೆಸಿನ್ ಮಡುಗಟ್ಟೈತಿ, ಮೂತಿ ಒಳಗ ಇದು ಹೆಚ್ಚು.

ತುದಿಯಿಂದ ತುದಿಗೆ ದಾರ ಬಿಗಿದು ನಡುಗೆರಿ ಸೊಟ್ಟ ಐತೇನು ನೋಡ್ರಿ. ತಳಕ್ಕ ಅಂಗೈ ಇಟ್ಟು ಒತ್ತಿದಾಗ ಡಬ್ಬಿ ಮುಚ್ಚಳದ ಹಂಗ ಒಳಗ ಹೋಗಿ ಟಪ್ ಅಂತ ಹೊರಗ ಬಂತಂದ್ರ ತಳಕ್ಕ ಬಿಗುವಿಲ್ಲ, ನೀರಾಗ ಅದು ಹುಟ್ಟು ಹಾಕಿದಾಗೊಮ್ಮೆ ಉಸಿರಾಡತೈತಿ. ಮೂಗು ಹಚ್ಚಿ ವಾಸನಿ ನೋಡ್ರಿ, ತಿಂಗಳ ಮ್ಯಾಲಾಗೈತಿ ಅಂದ ದೋಣಿ ಇನ್ನೂ ರೆಸಿನ್ ವಾಸನಿ ಹೊಡೀತಿದ್ರ ಸರಿಯಾಗಿ ಕ್ಯೂರ್ ಆಗಿಲ್ಲ.

ಕಡೀಕ ತೂಕ. ಅವರು ಹೇಳಿದ್ದನ್ನ ನಂಬಬ್ಯಾಡ್ರಿ, ತೂಕದ ಯಂತ್ರ ನೀವ ಒಯ್ಯಿರಿ. ದೋಣಿ ಹೊತ್ತು ನಿಂತು ಒಮ್ಮೆ, ಖಾಲಿ ನಿಂತು ಒಮ್ಮೆ, ಕಳೀರಿ. ಎರಡು ಕೆ.ಜಿ ಹೆಚ್ಚು ಬಂದ್ರ ನಡೀತೈತಿ, ಐದು ಹೆಚ್ಚು ಬಂದ್ರ ಹಂತ 3ರ ಲೆಕ್ಕಾ ಅವರ ಮುಂದ ಇಟ್ಟು ಎಲ್ಲಿಂದ ಬಂತು ಅಂತ ಕೇಳ್ರಿ, ರೇಟು ಇಳೀತೈತಿ.

ಇಲ್ಲೇ ಮಾಡಸಬೇಕೋ, ಹೊರಗಿಂದ ತರಸಬೇಕೋ

ಹೊರದೇಶದಿಂದ ತರಸೋದಾದ್ರ ದೋಣಿ ಎಷ್ಟ ಹಗುರ ಇರಲಿ, ಸಾಗಣೆ ರೊಕ್ಕಾ ಗಾತ್ರದ ಮ್ಯಾಲೆ ಬೀಳತೈತಿ, ಮ್ಯಾಲೆ ಕಸ್ಟಮ್ಸು. ಇಬ್ಬರು ಮೂವರು ಕೂಡಿ ತರಿಸಿದ್ರ ಒಂದರಾಗ ಒಂದು ಕೂಡೋ ಅಳತಿ ಇದ್ರ ಸ್ವಲ್ಪ ಉಳೀತೈತಿ. ಇಲ್ಲೇ ಮಾಡಸೋದಾದ್ರ ಗೋಕುಲ ರೋಡು, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಡೆ ಫೈಬರ್ ಕೆಲಸದವರನ್ನ ವಿಚಾರಿಸ್ರಿ. ಕೈ ಚುರುಕಿನವರು ಸಿಗತಾರ, ಆದ್ರ ಹೆಚ್ಚಿನವರ ಕೆಲಸ ಮ್ಯಾಟು, ಬ್ರಷ್ಶು, ಪಾಲಿಯೆಸ್ಟರ್. ಅವರಿಗೆ ದೋಣಿ ಮಾಡ್ರಿ ಅನ್ನಬ್ಯಾಡ್ರಿ, "ಕಾಕಾ, ಚದರ ಮೀಟರಿಗೆ ಒಂದೂವರಿ ಕೆ.ಜಿ ದಾಟಬಾರದು, ಮೊದಲ ಒಂದು ಅಡಿ ಸ್ಯಾಂಪಲ್ ಮಾಡಿ ತೋರಸ್ರಿ" ಅನ್ನರಿ. ಸ್ಯಾಂಪಲ್ ತೂಗಿ, ಮುರಿದು ನೋಡಿ, ಆಮೇಲೆ ಅಡ್ವಾನ್ಸ್ ಕೊಡ್ರಿ. ಬಟ್ಟಿ, ರೆಸಿನ್ ನೀವ ತಂದು ಕೊಟ್ರ ಇನ್ನೂ ಛಲೋ, ಮೊದಲಿನ ಕೆಲಸದಾಗ ಉಳಿದ ಹಳೇ ಡಬ್ಬಿ ನಿಮ್ಮ ದೋಣಿಗೆ ಬರಂಗಿಲ್ಲ.

ಇಟ್ಟುಕೊಳ್ಳೋದು, ಒಯ್ಯೋದು

ನೆರಳಾಗ, ಬೋರಲು, ಅಂಚಿನ ಮ್ಯಾಲೆ ಭಾರ ಬೀಳೋಹಂಗ ಎರಡು ಅಡ್ಡಗೋಲಿನ ಮ್ಯಾಲೆ ಇಡ್ರಿ. ನೆಲಕ್ಕ ಬ್ಯಾಡ, ಒಡಲಿನ ಮ್ಯಾಲೂ ಬ್ಯಾಡ. ವರ್ಷಕ್ಕೊಮ್ಮೆ ಯುವಿ ತಡಿಯೋ ವಾರ್ನಿಶ್ ಬಳೀರಿ. ಗೀರು ಬಿದ್ದು ಕೆವ್ಲಾರ್ ಬಟ್ಟಿ ಕಾಣತಿದ್ರ ತಡಾ ಮಾಡಬ್ಯಾಡ್ರಿ, ಅದು ನೀರು ಹೀರತೈತಿ, ಒಣಗಿಸಿ ಮ್ಯಾಲೆ ಒಂದು ಗ್ಲಾಸ್ ತುಂಡು ಎಪಾಕ್ಸಿಲೆ ಹಚ್ಚರಿ, ತುಂಡಿನ ಮೂಲಿ ದುಂಡಗ ಕತ್ತರಸ್ರಿ, ಚೂಪು ಮೂಲಿ ಬಿಚ್ಚಕೋತೈತಿ.

ಲೈಫ್ ಜಾಕೆಟ್ ಹಾಕದ ಇಳೀಬ್ಯಾಡ್ರಿ, ಈಜು ಬರೋರೂ. ಕಾಳ್ಯಾಗ ಸೂಪಾ ಡ್ಯಾಮಿಂದ ನೀರು ಬಿಟ್ರ ಮಟ್ಟ ಒಮ್ಮೆಲೆ ಏರತೈತಿ, ಯಾವ ಹೊತ್ತಿಗೆ ಬಿಡತಾರ ಅಂತ ಅಲ್ಲೇ ಕೇಳಕೊಂಡು ಇಳೀರಿ.

ಗಾಡಿ ಮ್ಯಾಲೆ ಒಯ್ಯೋವಾಗ ಬೋರಲು ಹಾಕಿ, ಎರಡು ಅಡ್ಡಪಟ್ಟಿ ಕ್ಯಾರಿಯರ್ ಮ್ಯಾಲೆ, ನಡುವ ಅಗಲ ಪಟ್ಟಿ ಎರಡು, ಮುಂದ ಮೂತಿಯಿಂದ ಬಂಪರಿಗೆ ಒಂದು ಹಗ್ಗ, ಹಿಂದೊಂದು, ಹೊರಗ ಚಾಚಿದ ತುದಿಗೆ ಕೆಂಪು ಅರಿವಿ. ದೋಣಿ ಹಗುರ ಇದ್ದಷ್ಟು ಗಾಳಿ ಬೇಗ ಎತ್ತತೈತಿ, ಮುಂದಿನ ಹಗ್ಗ ಮರೀಬ್ಯಾಡ್ರಿ. ಪಟ್ಟಿನ ಒಡಲು ಚಿವುಟೋಹಂಗ ಬಿಗಿಯಬ್ಯಾಡ್ರಿ, ಕೈಯಾಗ ಅಲ್ಲಾಡಿಸಿದ್ರ ಗಾಡಿ ಅಲ್ಲಾಡಬೇಕು, ದೋಣಿ ಅಲ್ಲ, ಅಷ್ಟ ಸಾಕು. ಧಾರವಾಡದಿಂದ ದಾಂಡೇಲಿ ಕಡೆ ಹೊಂಟ್ರ ಹಳಿಯಾಳದಾಗ ಚಾ ಕುಡಿಯಾಕ ನಿಲ್ಲಸತೀರಲ್ಲ, ಆಗ ಒಮ್ಮೆ ಇಳದು ಎಲ್ಲಾ ಪಟ್ಟಿ ಜಗ್ಗಿ ನೋಡ್ರಿ, ಅಷ್ಟೊತ್ತಿಗೆ ಒಂದಾದ್ರೂ ಸಡಲ ಆಗಿರತೈತಿ.